‘ಮೂರನೇ ಕ್ವಾರ್ಟರ್‌ಗೆ ಕಾಣೆಯಾಗುವ’ ಸೆಂಟರ್: ಚಿಕ್ಕಮಗಳೂರಿನ ಒಂದು ಕಾಲೇಜು ತಂಡದ ಪ್ರಕರಣ ಅಧ್ಯಯನ

ಚಿಕ್ಕಮಗಳೂರಿನ ಒಂದು ಪದವಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ. ಹತ್ತು ಆಟಗಾರರು, ಒಬ್ಬ ಕೋಚ್, ಅಭ್ಯಾಸಕ್ಕೆ ತೆರೆದ ಸಿಮೆಂಟ್ ಕೋರ್ಟ್. ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಹುಡುಗನ ಎತ್ತರ 6 ಅಡಿ 4 ಇಂಚು, ತೂಕ 88 ಕೆ.ಜಿ. ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಿದ್ದವನು. ಕಾಲೇಜಿಗೆ ಸೇರಿದ ಮೇಲೆ ಎತ್ತರ ನೋಡಿಯೇ ಈ ಆಟಕ್ಕೆ ಎಳೆದುಕೊಂಡರು. ಆಲ್ದೂರಿನ ಆಚೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಹೆಸರು, ಕಾಲೇಜು ಇಲ್ಲಿ ಬೇಕಿಲ್ಲ.

ದೂರು ಹೊಸದಲ್ಲ. ಮೊದಲ ಕ್ವಾರ್ಟರ್‌ನಲ್ಲಿ ಬೋರ್ಡಿನಿಂದ ಬೋರ್ಡಿಗೆ ಓಡುತ್ತಾನೆ, ಎರಡು ಬ್ಲಾಕ್ ಮಾಡುತ್ತಾನೆ, ಕೂಗಿ ಬಾಲ್ ಕೇಳುತ್ತಾನೆ. ಮೂರನೇ ಕ್ವಾರ್ಟರ್ ಹೊತ್ತಿಗೆ ಕೋರ್ಟಿನಲ್ಲಿದ್ದೂ ಇಲ್ಲದಂತೆ. ಬಲವಾದ ತಂಡ ಎದುರಿದ್ದರೆ ಒಂದು ಆಟ, ಸಾಧಾರಣ ತಂಡ ಎದುರಿದ್ದರೆ ಇನ್ನೊಂದು. ತಂಡದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅವನಿಗೆ ಆಡೋ ಮನಸ್ಸಿಲ್ಲ, ಮೈಬಗ್ಗಿಸಲ್ಲ.’ ಕೋಚ್ ಎಲ್ಲರೆದುರು ಬೈದರು, ಎರಡು ಪಂದ್ಯ ಬೆಂಚಿನಲ್ಲಿ ಕೂರಿಸಿದರು. ಬೆಂಚಿನಿಂದ ಎದ್ದು ಬಂದವನು ಬಾಲ್ ಕೇಳುವುದನ್ನೂ ಬಿಟ್ಟ.

‘ಮನಸ್ಸಿಲ್ಲ’ ಎಂಬ ಮಾತಿನಿಂದ ತರಬೇತಿಗೆ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ಅಳೆಯಲು ಬರುವುದಿಲ್ಲ, ಅಭ್ಯಾಸ ಮಾಡಿಸಲೂ ಬರುವುದಿಲ್ಲ. ಹಾಗಾಗಿ ಮೊದಲು ಮಾಡಿದ ಕೆಲಸ, ‘ಶ್ರಮ’ ಅನ್ನುವುದನ್ನು ಕಣ್ಣಿಗೆ ಕಾಣುವ ಕೆಲಸಗಳಾಗಿ ಒಡೆದದ್ದು.

ವಿಡಿಯೊ ಮತ್ತು ಹಾಳೆ

ಪಂದ್ಯವನ್ನು ಮೊಬೈಲಿನಲ್ಲಿ ತೆಗೆಯುವವರು ಸಾಮಾನ್ಯವಾಗಿ ಬಾಲ್ ಹೋದ ಕಡೆಗೆಲ್ಲ ಮೊಬೈಲ್ ತಿರುಗಿಸುತ್ತಾರೆ. ಹಾಗೆ ತೆಗೆದರೆ ಸೆಂಟರ್ ಅರ್ಧ ಹೊತ್ತು ಚಿತ್ರದಲ್ಲೇ ಇರುವುದಿಲ್ಲ. ಅವನ ಕೆಲಸದ ಬಹುಪಾಲು ಬಾಲ್ ಇಲ್ಲದ ಕಡೆಯೇ ನಡೆಯುತ್ತದೆ. ಅದಕ್ಕಾಗಿ ಮೊಬೈಲನ್ನು ಕೋರ್ಟಿನ ನಡುಗೆರೆಯ (ಸೆಂಟರ್ ಲೈನ್) ನೇರಕ್ಕೆ, ಮೆಟ್ಟಿಲಿನ ಮೇಲ್ಗಡೆ ಟ್ರೈಪಾಡ್ ಹಾಕಿ ಅಗಲ ಲೆನ್ಸಿನಲ್ಲಿ ಅಲುಗಾಡದಂತೆ ನಿಲ್ಲಿಸಲಾಯಿತು. 28 ಮೀಟರ್ ಉದ್ದವೂ ಚೌಕಟ್ಟಿನೊಳಗೆ ಬರಬೇಕು.

ಹಾಳೆಯಲ್ಲಿ ಪ್ರತಿ ಪೊಸೆಷನ್‌ಗೆ (ಬಾಲ್ ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ಒಂದು ಸಾಲು, ಆರು ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ ಮಾತ್ರ. ಬಾಲ್ ನಮ್ಮ ಕೈಗೆ ಬಂದ ಕೂಡಲೇ ಮೊದಲ ಮೂರು ಹೆಜ್ಜೆ ಓಟವೇ? ಬಾಲ್ ಮೂರು ಪಾಯಿಂಟ್ ಗೆರೆ ದಾಟುವ ಮೊದಲು ಅವನು ರಿಂಗ್ ಹತ್ತಿರ ಇದ್ದನೇ? ಸ್ಕ್ರೀನ್ ಹಾಕಿದಾಗ (ಜತೆಗಾರನನ್ನು ಕಾಯುವ ಎದುರಾಳಿಗೆ ಅಡ್ಡ ನಿಂತಾಗ) ಕಾಲು ನೆಲಕ್ಕೆ ಊರಿ ಎದುರಾಳಿಗೆ ಮೈ ತಗುಲಿತೇ? ಸ್ಕ್ರೀನ್ ಆದಮೇಲೆ ರಿಂಗ್ ಕಡೆ ರೋಲ್ ಆದನೇ (ತಿರುಗಿ ಓಡಿದನೇ)? ಶಾಟ್ ಹೋದಾಗ ಬಾಕ್ಸ್ ಔಟ್‌ಗೆ (ಎದುರಾಳಿಯನ್ನು ಬೆನ್ನ ಹಿಂದೆ ತಡೆಯಲು) ಮೈ ಕೊಟ್ಟನೇ? ಡಿಫೆನ್ಸಿಗೆ ಹಿಂತಿರುಗುವಾಗ ಬಾಲ್‌ಗಿಂತ ಮೊದಲು ಸೆಂಟರ್ ಲೈನ್ ದಾಟಿದನೇ? ಜತೆಗೆ ಬದಿಯಲ್ಲಿ ಇನ್ನೆರಡು ಅಂಕಣ: ಹಿಂದಿನ ಪೊಸೆಷನ್‌ನಲ್ಲಿ ಅವನ ಕೈಗೆ ಬಾಲ್ ಬಂದಿತ್ತೇ, ಮತ್ತು ಈ ಸಲ ಒಳಗೆ ಬಂದು ಎಷ್ಟು ನಿಮಿಷವಾಗಿದೆ. ನಿಜವಾದ ಸುಳಿವು ಸಿಕ್ಕಿದ್ದು ಈ ಎರಡು ಅಂಕಣಗಳಿಂದಲೇ.

‘ಇಲ್ಲ’ಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ, ಮೂರು ಗುಂಪಾಗಿ ಬಿದ್ದಿದ್ದವು. ರೋಲ್ ಮತ್ತು ರಿಂಗ್ ಕಡೆಯ ಓಟ ನಿಲ್ಲುತ್ತಿದ್ದದ್ದು ಮೂರು ನಾಲ್ಕು ಪೊಸೆಷನ್ ಒಂದೇ ಸಮನೆ ಬಾಲ್ ಮುಟ್ಟದೆ ಹೋದಮೇಲೆ. ಮೊದಲ ಕ್ವಾರ್ಟರ್ ಆಗಲಿ ನಾಲ್ಕನೆಯದಾಗಲಿ ಅದು ಹಾಗೆಯೇ. ಡಿಫೆನ್ಸಿಗೆ ವಾಪಸ್ ಓಡುವುದು ಕುಸಿಯುತ್ತಿದ್ದದ್ದು ಐದಾರು ನಿಮಿಷ ಬಿಡದೆ ಆಡಿದ ಮೇಲೆ; ಇದಕ್ಕೂ ಬಾಲ್ ಬಂದದ್ದಕ್ಕೂ ಸಂಬಂಧವಿರಲಿಲ್ಲ. ಬಾಕ್ಸ್ ಔಟ್ ಮಾತ್ರ ಮೊದಲ ನಿಮಿಷದಿಂದ ಕೊನೆಯವರೆಗೂ ಒಂದೇ ರೀತಿ ಕೆಟ್ಟಿತ್ತು. ಅಂದರೆ ಒಂದು ಪಾತ್ರದ ಸಮಸ್ಯೆ, ಒಂದು ಉಸಿರಿನ ಸಮಸ್ಯೆ, ಒಂದು ಕಲಿಕೆಯ ಸಮಸ್ಯೆ. ಮೂರಕ್ಕೂ ತಂಡ ಕೊಡುತ್ತಿದ್ದ ಔಷಧ ಒಂದೇ: ಬೈಗುಳ.

ನಿಂತಂತೆ ಕಂಡ ಹದಿನಾಲ್ಕು ಸೆಕೆಂಡ್

ಮೂರನೇ ಕ್ವಾರ್ಟರಿನ ಒಂದು ಪೊಸೆಷನ್ ಪೂರ್ತಿ ನೋಡಬೇಕು. ಗಾರ್ಡ್ (ಹೊರಗಿನಿಂದ ಆಟ ನಡೆಸುವವನು) ಬಲಗಡೆಯಿಂದ ಬಾಲ್ ತರುತ್ತಾನೆ. ಸೆಂಟರ್ ಎಡ ಬ್ಲಾಕ್‌ಗೆ (ರಿಂಗ್ ಪಕ್ಕದ ಜಾಗ) ಹೋಗಿ ಕೈ ಎತ್ತುತ್ತಾನೆ. ಬಾಲ್ ಬಲ ವಿಂಗ್‌ನಲ್ಲೇ (ಬಲಬದಿಯ ಹೊರಭಾಗ) ಇದೆ. ಇವನು ರಿಂಗ್ ಮುಂದಿನ ಚೌಕದ ಗೆರೆಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಆದ್ದರಿಂದ ಹೊರಗೆ ಬರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ, ಮತ್ತೆ ಹೊರಗೆ. ಅಷ್ಟರಲ್ಲಿ ವಿಂಗ್ ಹುಡುಗ ಡ್ರೈವ್ ಮಾಡುತ್ತಾನೆ, ಅಂದರೆ ಬಾಲ್ ತಟ್ಟುತ್ತಾ ರಿಂಗ್ ಕಡೆ ನುಗ್ಗುತ್ತಾನೆ. ಸೆಂಟರ್‌ನನ್ನು ಕಾಯುತ್ತಿದ್ದ ಎದುರಾಳಿ ಹೇಗೂ ರಿಂಗ್ ಪಕ್ಕದಲ್ಲೇ ಇದ್ದಾನೆ, ಒಂದು ಹೆಜ್ಜೆ ಹಾಕಿ ದಾರಿ ಮುಚ್ಚುತ್ತಾನೆ. ಬಾಲ್ ಬಲ ಕಾರ್ನರಿಗೆ ಹೋಗುತ್ತದೆ, ಅಲ್ಲಿಂದ ಹಾಕಿದ ಶಾಟ್ ತಪ್ಪುತ್ತದೆ. ಶಾಟ್ ಕೈಬಿಟ್ಟ ಕ್ಷಣಕ್ಕೆ ಸೆಂಟರ್ ಗೆರೆಯಿಂದ ಹೊರಗೆ ಕಾಲಿಡುತ್ತಿದ್ದಾನೆ, ಭಾರವೆಲ್ಲ ಹಿಮ್ಮಡಿಯ ಮೇಲೆ. ರಿಬೌಂಡ್ (ತಪ್ಪಿ ಪುಟಿದ ಬಾಲ್) ಎದುರಾಳಿಗೆ.

ಹೊರಗಿನಿಂದ ನೋಡಿದವರಿಗೆ ‘ನಿಂತೇ ಇದ್ದ’. ಅವನು ನಿಂತಿರಲಿಲ್ಲ, ಉಪಯೋಗವಿಲ್ಲದ ಓಡಾಟ ಮಾಡುತ್ತಿದ್ದ. ಅದಕ್ಕಿಂತ ಮುಖ್ಯವಾದದ್ದು, ಅವನು ನಿಂತ ಜಾಗವೇ ತಂಡದ ಡ್ರೈವ್‌ಗೆ ಅಡ್ಡವಾಗಿತ್ತು. ಆ ಜಾಗಕ್ಕೆ ಹೋಗು ಅಂದವರು ಕೋಚ್.

ತಂಡದ ಆಫೆನ್ಸ್ ನಾಲ್ವರು ಹೊರಗೆ, ಒಬ್ಬ ಒಳಗೆ. ಒಳಗಿನವನು ಬ್ಲಾಕ್‌ನಲ್ಲಿ ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲಬೇಕು. ನಮ್ಮ ಕಡೆ ಎತ್ತರದ ಹುಡುಗ ಸಿಕ್ಕರೆ ಅವನನ್ನು ರಿಂಗ್ ಕೆಳಗೆ ನೆಡುವುದು ರೂಢಿ. ಆದರೆ ಒಳಗೆ ಬಾಲ್ ಹಾಕುವುದು ಸುಲಭವಲ್ಲ. ಈ ತಂಡದ ಗಾರ್ಡ್‌ಗಳು ಆರ್ಕ್‌ನ (ಮೂರು ಪಾಯಿಂಟ್ ಗೆರೆಯ) ನಡುವಿನಿಂದಲೇ ಬಾಲ್ ಎಸೆಯಲು ನೋಡುತ್ತಿದ್ದರು. ಅಲ್ಲಿಂದ ಕೋನ ಸಿಗುವುದಿಲ್ಲ, ಡಿಫೆಂಡರ್‌ನ ಕೈ ದಾರಿಯಲ್ಲೇ ಇರುತ್ತದೆ. ಪೋಸ್ಟ್‌ಗೆ (ಹಾಗೆ ಒಳಗೆ ನಿಂತವನಿಗೆ) ಪಾಸ್ ವಿಂಗ್‌ನಿಂದ, ಫ್ರೀ ಥ್ರೋ ಗೆರೆಯನ್ನು ಬದಿಗೆ ಎಳೆದರೆ ಅದಕ್ಕಿಂತ ಕೆಳಗಿನಿಂದ ಹೋಗಬೇಕು. ಡಿಫೆಂಡರ್ ಮುಂದೆ ಬಂದು ನಿಂತರೆ ತಲೆ ಮೇಲಿಂದ ಲಾಬ್ ಹಾಕಬೇಕು. ಆಗ ಎದುರು ಬದಿ ಖಾಲಿ ಇರಬೇಕು. ಖಾಲಿ ಇರುತ್ತಿರಲಿಲ್ಲ.

ಹೀಗಿದ್ದೂ ಬಾಲ್ ಸೇರಿದಾಗ ಇನ್ನೊಂದು ತೊಂದರೆ. ಸೆಂಟರ್ ಅದನ್ನು ಸೊಂಟಕ್ಕೆ ಇಳಿಸಿ ಒಂದು ಡ್ರಿಬಲ್ ಹಾಕುತ್ತಿದ್ದ. ಮೇಲಿನಿಂದ ಬಂದ ಚಿಕ್ಕ ಗಾರ್ಡ್ ಕಿತ್ತುಕೊಂಡು ಹೋಗುತ್ತಿದ್ದ. ಹೀಗೆ ಎರಡು ಸಲ ಆದರೆ ಯಾವ ಪಾಯಿಂಟ್ ಗಾರ್ಡ್ ಮೂರನೇ ಸಲ ಪಾಸ್ ಕೊಡುತ್ತಾನೆ? ಗಾರ್ಡ್‌ಗಳ ಲೆಕ್ಕ ತಪ್ಪಲ್ಲ. ಅವರು ಕೊಡುವುದಿಲ್ಲ, ಇವನು ಓಡುವುದಿಲ್ಲ. ಇವನು ಓಡದ್ದಕ್ಕೆ ಅವರು ನೋಡುವುದೂ ಇಲ್ಲ.

ದೇಹದ ಕಡೆ

ಪಾತ್ರ ಬದಲಿಸುವ ಮೊದಲು ದೇಹ ನೋಡಬೇಕು. ಈ ಹಂತವನ್ನು ಬಿಟ್ಟು ಮುಂದೆ ಹೋಗುವ ಕೋಚ್‌ಗಳೇ ಹೆಚ್ಚು.

ಹುಡುಗ ಬೆಳಗ್ಗೆ ಬೇಗ ಬಸ್ಸು ಹತ್ತುತ್ತಾನೆ, ಮಧ್ಯಾಹ್ನ ಒಂದರೊಳಗೆ ಊಟ, ಸಂಜೆ ನಾಲ್ಕೂವರೆಗೆ ಅಭ್ಯಾಸ. ನಡುವೆ ಒಂದು ಕಾಫಿ ಬಿಟ್ಟರೆ ಏನೂ ಇಲ್ಲ. 88 ಕೆ.ಜಿ. ದೇಹಕ್ಕೆ ಇದು ಸಾಲದು. ಆಟಕ್ಕೆ ಎರಡು ಗಂಟೆ ಮೊದಲು ಪ್ರತಿ ಕೆ.ಜಿ.ಗೆ ಕನಿಷ್ಠ ಒಂದು ಗ್ರಾಂ ಪಿಷ್ಟ ಹೊಟ್ಟೆಗೆ ಬೀಳಬೇಕು. ಮೂರು ನಾಲ್ಕು ಇಡ್ಲಿ, ಎರಡು ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಜತೆಗೆ ಅರ್ಧ ಲೀಟರ್ ನೀರು. ಕಾಲೇಜು ಕ್ಯಾಂಟೀನಿನಲ್ಲೇ ಎರಡೂವರೆಗೆ ಇದನ್ನು ಗೊತ್ತುಮಾಡಲಾಯಿತು.

ಎರಡನೆಯದು ಮೊಣಕಾಲು. ಕೇಳಿದಾಗ ಮೊದಲು ‘ಏನಿಲ್ಲ’ ಅಂದ. ಮೆಟ್ಟಿಲು ಇಳಿಯುವಾಗ ಹೇಗೆ ಎಂದು ಕೇಳಿದ ಮೇಲೆ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸಿದ. ವಾಲಿಬಾಲ್ ಆಡಿ ಬಂದವರಲ್ಲಿ, ಅದರಲ್ಲೂ ಸಿಮೆಂಟ್ ನೆಲದಲ್ಲಿ ಜಿಗಿಯುವವರಲ್ಲಿ ಈ ಸ್ನಾಯುರಜ್ಜುವಿನ ನೋವು ಸಾಮಾನ್ಯ. ಫಿಸಿಯೊಥೆರಪಿಸ್ಟ್ ಹತ್ತಿರ ಕಳಿಸಲಾಯಿತು. ಅವರು ಹೇಳಿಕೊಟ್ಟದ್ದು ಅಲುಗದೆ ಹಿಡಿಯುವ ವ್ಯಾಯಾಮ: ಗಟ್ಟಿ ಬೆಲ್ಟನ್ನು ಕಂಬಕ್ಕೂ ಮಂಡಿಯ ಹಿಂಭಾಗಕ್ಕೂ ಸುತ್ತಿ, ಹಿಂದಕ್ಕೆ ಕೂತ ಭಂಗಿಯಲ್ಲಿ 45 ಸೆಕೆಂಡ್ ಹಿಡಿಯುವುದು, ಎರಡು ನಿಮಿಷ ಬಿಡುವು, ಹೀಗೆ ಐದು ಸಲ. ಅಭ್ಯಾಸಕ್ಕೆ ಮೊದಲು ಇದನ್ನು ಮಾಡಿದರೆ ಜಿಗಿತದ ನೋವು ತಗ್ಗಬಹುದು. ನೋವಿದ್ದವನು ನೋವಿದೆ ಅನ್ನದೆ ‘ಸೋಂಬೇರಿ’ ಅನ್ನಿಸಿಕೊಳ್ಳುವುದನ್ನೇ ಆರಿಸಿಕೊಂಡಿದ್ದ. ತಂಡದಲ್ಲಿ ಜಾಗ ಹೋಗುತ್ತದೆ ಎಂಬ ಭಯ ಇರುವ ಕಡೆಯೆಲ್ಲ ಹೀಗೇ ಆಗುತ್ತದೆ, ಇದನ್ನು ಕೋಚ್‌ಗಳು ಗಂಭೀರವಾಗಿ ತೆಗೆದುಕೊಳ್ಳಬೇಕು.

ಮಳೆಗಾಲದ ಮಾತೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೆರೆದ ಕೋರ್ಟು ಒಣಗಿರುವ ದಿನ ಕಡಿಮೆ. ಒದ್ದೆ ಸಿಮೆಂಟಿನ ಮೇಲೆ ಎತ್ತರದ ಹುಡುಗ ಪೂರ್ತಿ ವೇಗದಲ್ಲಿ ರಿಂಗ್ ಕಡೆ ಓಡಿ ನಿಲ್ಲಲು ಹೆದರುವುದು ಸಹಜ, ಆ ಹೆದರಿಕೆ ಸರಿಯೂ ಹೌದು. ಅಂಥ ದಿನ ಓಟ ಬಿಟ್ಟು ಒಳಾಂಗಣದಲ್ಲಿ ಸ್ಕ್ರೀನಿನ ಕಾಲು, ಕೋನ, ಪಾಸ್ ಇವನ್ನು ನಡಿಗೆಯಲ್ಲೇ ಮಾಡಿಸಬೇಕು.

ಹೊಸ ಪಾತ್ರ

ವಾಲಿಬಾಲ್ ಹುಡುಗನ ಕೈ ತಲೆಯ ಮೇಲೆ ಚುರುಕು. ಅಲ್ಲಿ ಬಂದ ಬಾಲನ್ನು ಅವನು ಬಿಡುವುದಿಲ್ಲ, ಅಲ್ಲಿಂದಲೇ ಪಾಸ್ ಕೊಡಬಲ್ಲ. ಸೊಂಟದ ಮಟ್ಟದಲ್ಲಿ ಅದೇ ಕೈ ಒರಟು. ಸೆಂಟರ್ ಅಂದರೆ ಬೆನ್ನು ಕೊಟ್ಟು ಪಾಯಿಂಟ್ ಹಾಕುವವನೇ ಆಗಬೇಕಿಲ್ಲ. 2023ರಲ್ಲಿ ಎನ್‌ಬಿಎ ಗೆದ್ದ ಡೆನ್ವರ್ ನಗೆಟ್ಸ್ ತಂಡದ ಆಟ ನಡೆಯುತ್ತಿದ್ದದ್ದೇ ಸೆಂಟರ್ ನಿಕೋಲಾ ಯೋಕಿಚ್‌ನ ಪಾಸುಗಳ ಮೇಲೆ. ಜಿಲ್ಲಾ ಮಟ್ಟದ ಹುಡುಗನಿಂದ ಅದನ್ನು ನಿರೀಕ್ಷಿಸಬಾರದು, ಆದರೆ ಬಾಲ್ ಸೆಂಟರ್‌ನ ಕೈ ಹಾದು ಹೋಗಬೇಕು ಅನ್ನುವ ವಿಚಾರ ಇಲ್ಲಿಗೂ ಹೊಂದುತ್ತದೆ.

ಹುಡುಗನನ್ನು ಒಬ್ಬನೇ ಕೂರಿಸಿ, ಹತ್ತು ನಿಮಿಷ, ಆ ಹದಿನಾಲ್ಕು ಸೆಕೆಂಡಿನ ವಿಡಿಯೊ ತೋರಿಸಿ, ಹಾಳೆ ಮುಂದಿಟ್ಟು ಮಾತಾಡಲಾಯಿತು. ‘ಇನ್ನೂ ಜೋರಾಗಿ ಆಡು’ ಎಂಬ ಮಾತು ಬರಲಿಲ್ಲ. ಬರೆದುಕೊಟ್ಟದ್ದು ನಾಲ್ಕು ಕೆಲಸ: ಮೇಲೆ ಬಂದು ಸ್ಕ್ರೀನ್, ರಿಂಗ್‌ವರೆಗೆ ರೋಲ್, ಬಾಲ್ ಬರದಿದ್ದರೆ ಬೇಸ್‌ಲೈನ್ ಬದಿ, ಶಾಟ್ ಹೋದಾಗ ಮೈ.

ಆಟ ಹೀಗೆ ಸಾಗುತ್ತದೆ. ಎರಡು ಬದಿಯ ಕಾರ್ನರ್‌ನಲ್ಲಿ ಒಬ್ಬೊಬ್ಬ, ಎರಡು ಎಲ್ಬೋಗಳಲ್ಲಿ (ಫ್ರೀ ಥ್ರೋ ಗೆರೆಯ ಎರಡು ತುದಿ) ಇಬ್ಬರು ಎತ್ತರದವರು, ಗಾರ್ಡ್ ನಡುವೆ, 6.75 ಮೀಟರ್ ಆರ್ಕ್‌ನ ಹೊರಗೆ. ಸೆಂಟರ್ ಎಲ್ಬೋದಿಂದ ಮೇಲೆ ಬಂದು ಗಾರ್ಡ್‌ನ ಡಿಫೆಂಡರ್‌ಗೆ ಸ್ಕ್ರೀನ್ ಹಾಕುತ್ತಾನೆ. ಕಾಲು ಭುಜಕ್ಕಿಂತ ತುಸು ಅಗಲ, ಕೈ ಎದೆಗೆ. ಬೆನ್ನು, ಗಾರ್ಡ್ ನುಗ್ಗಬೇಕಾದ ಜಾಗಕ್ಕೆ ತಿರುಗಿರಬೇಕು. ಗಾರ್ಡ್‌ನ ಭುಜ ಅವನ ಸೊಂಟ ಸವರಿಕೊಂಡು ಹೋಗಬೇಕು, ನಡುವೆ ಇನ್ನೊಬ್ಬ ನುಸುಳುವಷ್ಟು ಸಂದು ಇರಬಾರದು. ಗಾರ್ಡ್ ದಾಟಿದ ಮೇಲೆ ರಿಂಗ್ ಕಡೆಯ ಕಾಲಿನ ಮೇಲೆ ತಿರುಗಿ, ಎದೆ ಬಾಲ್ ಕಡೆಗೇ ಇಟ್ಟುಕೊಂಡು, ದೊಡ್ಡ ಹೆಜ್ಜೆಯಲ್ಲಿ ರಿಂಗ್ ಮುಂದಕ್ಕೆ ಹೋಗಬೇಕು. ಕೈ ಆಗಲೇ ಮೇಲಿರಬೇಕು. ಗಾರ್ಡ್‌ಗಳಿಗೆ ಹೇಳಿದ್ದು: ಇವನಿಗೆ ನೆಲಕ್ಕೆ ತಟ್ಟಿ ಕೊಡಬೇಡಿ, ಹಣೆಗಿಂತ ಮೇಲೆ ಕೊಡಿ.

ಎದುರಾಳಿಗಳು ಇಬ್ಬರೂ ಗಾರ್ಡ್‌ನ ಮೇಲೆ ಬಿದ್ದರೆ ರಿಂಗ್‌ವರೆಗೆ ಹೋಗದೆ ಫ್ರೀ ಥ್ರೋ ಗೆರೆಯ ಹತ್ತಿರ ನಿಂತು ಬಾಲ್ ಹಿಡಿಯಬೇಕು. ಆಗ ಇವನೂ ಸೇರಿ ನಾಲ್ವರ ಮೇಲೆ ಮೂವರೇ ಡಿಫೆಂಡರ್. ಮೊದಲು ಕಾರ್ನರ್ ನೋಡು, ಆಮೇಲೆ ಇನ್ನೊಬ್ಬ ಎತ್ತರದವನನ್ನು. ಬಾಲ್ ಗಲ್ಲದ ಕೆಳಗೆ, ಮೊಣಕೈ ಹೊರಗೆ, ಡ್ರಿಬಲ್ ಬೇಡ.

ರೋಲ್ ಆದರೂ ಬಾಲ್ ಬರದಿದ್ದರೆ ಏನು ಮಾಡಬೇಕು? ಹಿಂದೆ ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಮೂರು ಸೆಕೆಂಡ್ ಮುಗಿಯುವ ಮೊದಲೇ ಬೇಸ್‌ಲೈನ್ ಹತ್ತಿರ, 4.9 ಮೀಟರ್ ಅಗಲದ ಆ ಚೌಕದಿಂದ ಒಂದು ಹೆಜ್ಜೆ ಹೊರಗೆ ಹೋಗಿ, ಮೊಣಕಾಲು ಬಗ್ಗಿಸಿ ಬಾಲ್ ನೋಡುತ್ತಾ ನಿಲ್ಲಬೇಕು. ಅಲ್ಲಿ ಮೂರು ಸೆಕೆಂಡಿನ ಗೊಡವೆ ಇಲ್ಲ, ಡ್ರೈವ್‌ಗೆ ದಾರಿ ಬಿಟ್ಟಂತಾಗುತ್ತದೆ. ಅವನ ಡಿಫೆಂಡರ್ ಡ್ರೈವ್ ತಡೆಯಲು ಹೋದರೆ ಇವನು ಖಾಲಿ, ಹೋಗದಿದ್ದರೆ ಡ್ರೈವ್ ಮಾಡಿದವನು ಖಾಲಿ. ಆಫೆನ್ಸಿವ್ ರಿಬೌಂಡಿಗೂ ಇಲ್ಲಿಂದ ಎರಡೇ ಹೆಜ್ಜೆ. ಸಿಕ್ಕರೆ ಮತ್ತೆ ಶಾಟ್ ಹಾಕಲು 14 ಸೆಕೆಂಡ್ ಕೈಯಲ್ಲಿ.

ಬೆನ್ನು ಕೊಟ್ಟು ಆಡುವುದನ್ನು ಪೂರ್ತಿ ಬಿಡಿಸಲಿಲ್ಲ. ಸ್ಕ್ರೀನ್ ಆದಮೇಲೆ ಡಿಫೆಂಡರ್‌ಗಳು ಅದಲು ಬದಲಾಗಿ ಇವನ ಮೇಲೆ ಕುಳ್ಳ ಗಾರ್ಡ್ ಬಂದಾಗ ಮಾತ್ರ.

ಗಾರ್ಡ್‌ಗಳಿಗೆ ಒಂದು ಕಟ್ಟುನಿಟ್ಟು: ಮೂರು ಪೊಸೆಷನ್‌ಗೆ ಒಂದು ಸಲವಾದರೂ ಬಾಲ್ ಅವನ ಕೈ ಹಾದುಹೋಗಬೇಕು. ಶಾಟ್‌ಗೇ ಆಗಬೇಕಿಲ್ಲ, ಎಲ್ಬೋದಲ್ಲಿ ಹಿಡಿದು ಜತೆಗಾರನ ಕೈಗೇ ಬಾಲ್ ಕೊಡುವುದಾದರೂ ಸರಿ. ಇನ್ನೊಂದು, ಅವನ ಸ್ಕ್ರೀನ್‌ನಿಂದ ಪಾಯಿಂಟ್ ಬಂದರೆ ಹಾಕಿದವನು ಅವನ ಕಡೆ ಬೆರಳು ತೋರಿಸಬೇಕು. ಸ್ಕೋರ್ ಶೀಟಿನಲ್ಲಿ ಸ್ಕ್ರೀನ್‌ಗೆ ಅಂಕಣವಿಲ್ಲ; ಆ ಲೆಕ್ಕ ಇಡುವವರು ಜತೆಗಾರರೇ.

ಉಸಿರು, ಬಾಕ್ಸ್ ಔಟ್

ಹತ್ತು ನಿಮಿಷದ ಕ್ವಾರ್ಟರಿನಲ್ಲಿ ಅವನನ್ನು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಆಡಿಸುವುದು ನಿಂತಿತು. ಎರಡು ನಿಮಿಷ ಬೆಂಚು, ಮತ್ತೆ ಒಳಗೆ. ಬಾಲ್ ಡೆಡ್ ಆಗದೆ (ಆಟ ನಿಲ್ಲದೆ) ಬದಲಿ ಸಾಧ್ಯವಿಲ್ಲವಾದ್ದರಿಂದ ಬದಲಿ ಆಟಗಾರ ಒಂದು ನಿಮಿಷ ಮೊದಲೇ ಟೇಬಲ್ ಹತ್ತಿರ ಹೋಗಿ ಕೂತಿರಬೇಕು. ಹೊರಗೆ ಕರೆಯುವಾಗ ಅದು ಶಿಕ್ಷೆಯಲ್ಲ ಎಂದು ಅವನಿಗೆ ಗೊತ್ತಿರಬೇಕು. ಅದಕ್ಕೆ ನಿಮಿಷದ ಯೋಜನೆಯನ್ನು ಪಂದ್ಯದ ಮೊದಲೇ ತೋರಿಸಲಾಗುತ್ತಿತ್ತು. ಓಟದ ಅಭ್ಯಾಸ ವಾರಕ್ಕೆ ಎರಡು ದಿನ: ಕೋರ್ಟ್ ಉದ್ದ ಹೋಗಿ ಬಂದು 56 ಮೀಟರ್, 30 ಸೆಕೆಂಡ್ ಬಿಡುವು, ಎಂಟು ಸಲ. ಒಣ ನೆಲದಲ್ಲಿ ಮಾತ್ರ.

ಬಾಕ್ಸ್ ಔಟ್ ಕೆಟ್ಟಿದ್ದಕ್ಕೂ ವಾಲಿಬಾಲೇ ಕಾರಣ. ನೆಟ್ ಹತ್ತಿರ ಬಾಲ್ ನೋಡುತ್ತಾ ನೇರ ಮೇಲಕ್ಕೆ ಜಿಗಿದು ಅಭ್ಯಾಸವಾದವನು ಇಲ್ಲೂ ಬಾಲ್ ನೋಡುತ್ತಾ ರಿಂಗ್ ಕೆಳಕ್ಕೆ ಸರಿಯುತ್ತಿದ್ದ. ಅಲ್ಲಿ ಸಿಗುವುದು ರಿಂಗ್ ಒಳಗಿಂದ ಬಿದ್ದ ಬಾಲ್ ಮಾತ್ರ. ಕಾರ್ನರ್‌ನಿಂದ ಹೋದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಹಾರುತ್ತದೆ, ದೂರದ ಶಾಟ್ ದೂರಕ್ಕೇ ಪುಟಿಯುತ್ತದೆ. ಕಲಿಸಿದ್ದು: ಶಾಟ್ ಹೋದ ಕೂಡಲೇ ಬಾಲ್ ನೋಡಬೇಡ, ನಿನ್ನ ಆಳನ್ನು ನೋಡು; ಮುಂಗೈಯನ್ನು ಅವನ ಎದೆಗೆ ತಾಗಿಸು, ತಳ್ಳಬೇಡ; ಆಮೇಲೆ ತಿರುಗಿ ಕುಂಡಿ ತಗ್ಗಿಸಿ ಅವನನ್ನು ಬೆನ್ನ ಹಿಂದೆ ಹಿಡಿ; ಕೊನೆಗೆ ಬಾಲ್. ಡ್ರಿಲ್ ಮೂವರ ಮೇಲೆ ಮೂವರು, ಶಾಟ್ ಹಾಕುವುದು ಕೋಚ್, ಪಾಯಿಂಟ್ ಸಿಗುವುದು ಬಾಲ್ ಚೌಕದೊಳಗೆ ಒಮ್ಮೆ ನೆಲಕ್ಕೆ ಬಿದ್ದರೆ ಮಾತ್ರ. ಹಿಡಿಯುವುದಕ್ಕಲ್ಲ, ಎದುರಾಳಿಯನ್ನು ತಡೆದದ್ದಕ್ಕೆ ಪಾಯಿಂಟ್. ಎಂಟು ನಿಮಿಷ, ವಾರಕ್ಕೆ ಮೂರು ದಿನ.

ಕೆಟ್ಟದ್ದು ಎಲ್ಲಿ

ಮೊದಲ ಪಂದ್ಯದಲ್ಲೇ ಅಲುಗಾಡುವ ಸ್ಕ್ರೀನ್‌ಗೆ ಎರಡು ಫೌಲ್ ಬಿದ್ದವು. ಐದಕ್ಕೆ ಹೊರಗೆ ಹೋಗಬೇಕಾದ ಆಟದಲ್ಲಿ ಇದು ದುಬಾರಿ. ವಿಡಿಯೊ ನೋಡಿದರೆ ತಪ್ಪು ಗಾರ್ಡ್‌ನದು: ಸೆಂಟರ್ ಕಾಲು ಊರುವ ಮೊದಲೇ ಹೊರಟುಬಿಡುತ್ತಿದ್ದ, ಇವನು ಹಿಡಿಯಲು ಪಕ್ಕಕ್ಕೆ ವಾಲುತ್ತಿದ್ದ. ಸೆಂಟರ್ ಕಾಲು ಊರಿ ‘ಹೋಗು’ ಎಂದು ಕೂಗುವವರೆಗೆ ಗಾರ್ಡ್ ಅಲುಗಬಾರದು ಎಂದು ಮಾಡಿದ ಮೇಲೆ ಸರಿಹೋಯಿತು.

ಎರಡನೆಯದು ಹುಡುಗನದೇ. ಎಲ್ಬೋದಲ್ಲಿ ಬಾಲ್ ಹಿಡಿದು ಕೈಗೆ ಕೊಡುವುದು ಅವನಿಗೆ ಹಿತವಾಯಿತು, ಕೊಟ್ಟಮೇಲೆ ಅಲ್ಲೇ ನಿಲ್ಲತೊಡಗಿದ. ಬಾಲ್ ಈಗ ಬರುತ್ತಿತ್ತು, ದಮ್ಮೂ ಇತ್ತು, ಮೊಣಕಾಲೂ ಸುಧಾರಿಸಿತ್ತು. ಆದರೂ ರೋಲ್ ಇಲ್ಲ. ಇದನ್ನು ಪಾತ್ರದ ತಲೆಗೆ ಕಟ್ಟಲಾಗದು. ಇದು ರೂಢಿ, ಇಲ್ಲಿ ಸಡಿಲ ಬಿಡಬಾರದು. ಕೊಟ್ಟು ನಿಂತರೆ ಮುಂದಿನ ಡೆಡ್ ಬಾಲ್‌ಗೆ ಹೊರಗೆ, ಎರಡು ನಿಮಿಷ, ಒಂದು ಮಾತಿಲ್ಲ; ಮತ್ತೆ ಒಳಗೆ. ನಿಯಮ ಎತ್ತರದ ಇನ್ನೊಬ್ಬನಿಗೂ ಒಂದೇ. ಪಾತ್ರ ಸರಿಮಾಡಿ ಕೊಟ್ಟಿದ್ದರಿಂದಲೇ ಈ ಕಟ್ಟುನಿಟ್ಟನ್ನು ಅವನು ಒಪ್ಪಿಕೊಂಡ. ಮೊದಲೇ ಹೀಗೆ ಮಾಡಿದ್ದರೆ ಬೆಂಚಿಗೆ ಕೂರಿಸಿದ ಹಳೆಯ ಕಥೆಯೇ ಆಗುತ್ತಿತ್ತು.

ವಾಪಸ್ ಓಟಕ್ಕೆ ಬೇಕಾದದ್ದು ನಿರ್ಧಾರ. ಪ್ರತಿ ಶಾಟ್‌ಗೂ ರಿಬೌಂಡಿಗೆ ಹೋಗಿ, ಸಿಗದೆ, ಹಿಂದೆ ಬೀಳುತ್ತಿದ್ದ. ಈಗ ಶಾಟ್ ಹೋದಾಗ ಅವನು ಫ್ರೀ ಥ್ರೋ ಗೆರೆಗಿಂತ ಮೇಲಿದ್ದರೆ ನೇರ ಹಿಂದಕ್ಕೆ, ಕೆಳಗಿದ್ದರೆ ಬೋರ್ಡಿಗೆ. ನಡುವಿನ ಅರೆಮನಸ್ಸಿನ ಹೆಜ್ಜೆಗೆ ಜಾಗವಿಲ್ಲ.

ಆರು ವಾರದ ಹೊತ್ತಿಗೆ ಹಾಳೆಯ ಸ್ವರೂಪ ಬದಲಾಗಿತ್ತು. ರೋಲ್ ನಾಲ್ಕನೇ ಕ್ವಾರ್ಟರಿನಲ್ಲೂ ಉಳಿದಿತ್ತು. ವಾಪಸ್ ಓಟ ನಿಮಿಷದ ಯೋಜನೆ ಪಾಲಿಸಿದ ಪಂದ್ಯಗಳಲ್ಲಿ ಚೆನ್ನಾಗಿತ್ತು, ಬದಲಿ ಹುಡುಗ ಬೇಗ ಫೌಲ್ ಮಾಡಿಕೊಂಡ ಪಂದ್ಯದಲ್ಲಿ ಮತ್ತೆ ಕುಸಿಯಿತು. ಬಾಕ್ಸ್ ಔಟ್ ಇನ್ನೂ ಏರುಪೇರು. ಎದುರಾಳಿ ಸೆಂಟರ್ ಗಟ್ಟಿಯಿದ್ದರೆ ಮಾಡುತ್ತಾನೆ, ಇಲ್ಲದಿದ್ದರೆ ಬಾಲ್ ನೋಡುತ್ತಾನೆ. ಡ್ರಿಲ್ ನಿಲ್ಲಿಸುವಂತಿಲ್ಲ.

ಉಳಿದಿರುವ ದೊಡ್ಡ ಕೆಲಸ 2-3 ಜೋನ್, ಅಂದರೆ ಎದುರಾಳಿಗಳು ಮುಂದೆ ಇಬ್ಬರು, ಹಿಂದೆ ಮೂವರಾಗಿ ಆಳಿನ ಬದಲು ಜಾಗ ಕಾಯುವ ಡಿಫೆನ್ಸ್. ಎದುರಾಳಿ ಜೋನ್‌ಗೆ ಹೋದ ಕೂಡಲೇ ಸ್ಕ್ರೀನ್ ಹಾಕಲು ನಿರ್ದಿಷ್ಟ ಆಳು ಇರುವುದಿಲ್ಲ, ಹುಡುಗ ಮತ್ತೆ ಬ್ಲಾಕ್‌ಗೆ ಹೋಗಿ ನಿಲ್ಲುತ್ತಾನೆ. ಅದಕ್ಕೆ ಈಗ ಕೊಟ್ಟಿರುವ ಜಾಗ ಫ್ರೀ ಥ್ರೋ ಗೆರೆಯ ನಡುಭಾಗ. ಬಾಲ್ ಒಂದು ವಿಂಗ್‌ನಿಂದ ಇನ್ನೊಂದಕ್ಕೆ ಹೋಗುತ್ತಿರುವಾಗಲೇ ಬೇಸ್‌ಲೈನ್‌ನಿಂದ ಅಲ್ಲಿಗೆ ನುಗ್ಗಿ, ಎರಡೂ ಕಾಲೂರಿ ತಲೆಯ ಮೇಲೆ ಹಿಡಿದು, ರಿಂಗ್ ಕಡೆ ತಿರುಗಬೇಕು. ಜೋನಿನ ನಡುವಿನವನು ಮೇಲೆ ಬಂದರೆ ಬೇಸ್‌ಲೈನ್ ಬದಿಯ ಇನ್ನೊಬ್ಬ ಎತ್ತರದವನಿಗೆ ಪಾಸ್, ಬಾರದಿದ್ದರೆ 4.6 ಮೀಟರಿನ ಶಾಟ್. ಆ ಶಾಟ್ ಇನ್ನೂ ಅವನ ಕೈಗೆ ಕೂತಿಲ್ಲ. ದಿನಾ ಅಭ್ಯಾಸದ ಕೊನೆಗೆ, ಕಾಲು ಸುಸ್ತಾದ ಮೇಲೆ, ಅಲ್ಲಿಂದ ಇಪ್ಪತ್ತು ಶಾಟ್ ಹಾಕಿಯೇ ಬಸ್ಸಿಗೆ ಹೊರಡುತ್ತಾನೆ.